ಆನೆ ಹೆಜ್ಜೆಗೆ ಸದ್ದೇಕಿಲ್ಲ

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ ಅದು, ಪುಟ್ಟಿ. ಆಗ ಆನೆಯ ಕಾಲಡಿ ಬಂಡೆಯಷ್ಟು ಗಟ್ಟಿ. ಅದು ನಡೆದರೆ ಧಡ್, ಧಡ್ ಅಂತ ಬೆಟ್ಟ ನಡುಗುತ್ತಿತ್ತು. ಹೊಳೆಯ ನೀರು ದಡ ಹಾರುತ್ತಿತ್ತು. ಅಬ್ಬಬ್ಬಾ, ಏನು ಸದ್ದು ಅಂತೀಯ!

ಆನೆಗಳು ನಡೆದೂ ನಡೆದೂ ಕಾಡಂಚಿನಲ್ಲೊಂದು ದಾರಿ ನುಣ್ಣಗೆ, ಗಟ್ಟಿಯಾಗಿ ಬಿದ್ದಿತ್ತು. ನಮ್ಮವರು ಅದನ್ನು ಕಂಡರು. "ಆಹಾ, ರಾಗಿ ಒಕ್ಕೋಕೆ ಕಣ ಸಿದ್ಧವಾಗೇ ಇದೆಯಲ್ಲ!" ಅಂತ ಹಿಗ್ಗಿದರು. ಯಾರು ತುಳಿದದ್ದು ಅಂತ ಒಬ್ಬರಾದರೂ ಕೇಳಬೇಡವೇ? ಅಲ್ಲೇ ರಾಗಿ ಮೆದೆ ಹಾಕಿದರು, ಪಕ್ಕದಲ್ಲೇ ಗುಡಿಸಲು ಕಟ್ಟಿದರು.

ಆ ಗುಡಿಸಲಲ್ಲಿ ಕೇತಿ ಅಂತ ಒಬ್ಬ ಬಾಣಂತಿ. ಸಂಜೆ ಆನೆಗಳು ಹೊಳೆಗೆ ಹೊರಟವು ಅಂದರೆ ಅವಳ ಮಗು ಬೆಚ್ಚಿಬಿದ್ದು ಕಿರುಚುತ್ತಿತ್ತು. ಕಣ್ಣು ಮುಚ್ಚಿದರೆ ಧಡ್, ಮತ್ತೆ ಮುಚ್ಚಿದರೆ ಧಡ್. ನಿದ್ದೆಯಿಲ್ಲದೆ, ಹಾಲು ಕುಡಿಯದೆ ಕೂಸು ಕಡ್ಡಿಯಾಯಿತು. ಇನ್ನೊಂದು ಸಲ ಬೆಚ್ಚಿದರೆ ಉಳಿಯೋದಿಲ್ಲ ಅಂದರು ಹಿರಿಯರು.

ಒಂದು ಸಂಜೆ ಗುಡಿಸಲ ಮುಂದೆ ಕಟ್ಟಿದ ಜೋಲಿಯಲ್ಲಿ ಕೂಸಿಗೆ ಅಂತೂ ನಿದ್ದೆ ಹತ್ತಿತು. ಅಷ್ಟರಲ್ಲಿ ದೂರದಲ್ಲಿ ಧಡ್, ಧಡ್. ಗಂಡಸರು ತಮಟೆ, ಪಂಜು ಹಿಡಿದು ಓಡಿಬಂದರು.

"ತಮಟೆ ಕೆಳಗಿಡ್ರೋ! ನಿಮ್ಮ ಸದ್ದಿಗೆ ಏಳಲ್ವಾ ಮಗು?" ಅಂತ ಪಿಸುದನಿಯಲ್ಲೇ ಗದರಿ, ಕೇತಿ ತಾನೇ ದಾರಿಗೆ ಅಡ್ಡ ನಿಂತಳು.

ಹಿಂಡಿನ ಮುಂದೆ ಮುದಿ ಹೆಣ್ಣಾನೆ. ಬೆಟ್ಟವೇ ಎದ್ದು ಬಂದು ನಿಂತ ಹಾಗೆ. "ಇದು ನನ್ನಜ್ಜಿಯ ದಾರಿ ಕಣಮ್ಮ. ನಾನೆಲ್ಲಿಗೆ ಹೋಗಲಿ?" ಅಂದಿತು.

"ಹೋಗಬೇಡ ಅನ್ನಲ್ಲ ತಾಯಿ. ಮೆತ್ತಗೆ ಹೋಗು. ಕೂಸು ಈಗ ತಾನೇ ಮಲಗಿದೆ."

ಆನೆ ತನ್ನ ಹೊಟ್ಟೆಯಡಿ ನಿಂತ ಮರಿಯನ್ನು ನೋಡಿತು. ಎತ್ತಿದ ಕಾಲನ್ನು ಕೆಳಗಿಡಲಿಲ್ಲ. "ಭೂತಾಯಿ, ಏನು ಮಾಡಲಿ?" ಅಂತ ಕೇಳಿತು.

"ಇಷ್ಟು ಕಾಲ ನನ್ನನ್ನು ಗುದ್ದಿ ಗುದ್ದಿ, ಈಗ ಕೇಳ್ತೀಯ!" ಅಂತ ಭೂತಾಯಿ ನಕ್ಕಳು. ಆದರೂ ತನ್ನ ಮೆತ್ತನೆ ಮಣ್ಣನ್ನೇ ಹಿಡಿ ಹಿಡಿ ತೆಗೆದು ಅದರ ಕಾಲಡಿಗೆ ಮೆತ್ತಿದಳು. ಹಿಂಡಿಗೆಲ್ಲ ಮೆತ್ತಿದಳು, ಮರಿಯನ್ನೂ ಬಿಡಲಿಲ್ಲ.

ಆನೆ ಕಾಲೂರಿತು. ಸದ್ದಿಲ್ಲ! ಇನ್ನೊಂದು ಹೆಜ್ಜೆ. ಸದ್ದೇ ಇಲ್ಲ! ಹಿಂಡಿಗೆ ಹಿಂಡೇ ಕೂಸಿನ ಜೋಲಿಯ ಪಕ್ಕದಲ್ಲಿ ಹಾದುಹೋಯಿತು. ಅವುಗಳ ಕಿವಿಯ ಗಾಳಿಗೆ ಜೋಲಿ ಮೆಲ್ಲಗೆ ತೂಗಿತು. ಜನ ಉಸಿರು ಬಿಗಿಹಿಡಿದು ಕೈ ಮುಗಿದರು. ಕೂಸು ಬೆಳಗಿನವರೆಗೂ ನಿದ್ದೆ ಮಾಡಿ, ಎದ್ದು ಹಾಲಿಗೆ ಅತ್ತಿತು.

ರಾಗಿಯೋ? ಹೋಗ್ತಾ ಹೋಗ್ತಾ ಅರ್ಧ ಮೆದೆ ತಿಂದು ಹೋದವು. ತಿನ್ನಬೇಡ ಅಂತ ಕೇತಿ ಹೇಳಿರಲಿಲ್ಲವಲ್ಲ!

ಇವತ್ತಿಗೂ ಆನೆ ಬಂದರೆ ಅಟ್ಟಣೆ ಮೇಲೆ ಕಾವಲು ಕೂತವರಿಗೂ ತಿಳಿಯೋದಿಲ್ಲ. ಬೆಳಿಗ್ಗೆ ಹೊಲದಲ್ಲಿ ಮೊರದಗಲದ ಹೆಜ್ಜೆ ಕಂಡಾಗಲೇ ಗೊತ್ತಾಗೋದು. ನಿಮ್ಮಪ್ಪ ಬೈತಾನೆ. ಬೈಯಲಿ, ಅವನ ಬೆಳೆ, ಅವನ ಹೊಟ್ಟೆಯುರಿ. ಆದರೆ ನೀನು ಆ ಹೆಜ್ಜೆ ಕಂಡಾಗ ನೆನಪಿಟ್ಟುಕೋ ಪುಟ್ಟಿ, ನಮ್ಮ ಮನೆಯಲ್ಲಿ ಆ ಕೂಸು ಇನ್ನೂ ಮಲಗೇ ಇದೆ ಅಂದುಕೊಂಡೇ ಆನೆ ಅಷ್ಟು ಮೆತ್ತಗೆ ನಡೆಯೋದು.