ಮಹಡಿಯಿಂದ ಇಳಿದ ಹಪ್ಪಳ

ಅಂಗಳದಲ್ಲಿ ಮದುವೆ ಊಟ. ವರನ ಸೋದರಮಾವ ಅಶ್ವತ್ಥಯ್ಯನವರ ಎಲೆಗೆ ಮುರಿದ ಹಪ್ಪಳ ಬಿತ್ತು.

"ಮಹಡಿಯಿಂದ ಎಸೆದಿರೇನು? ಇಂಥ ಮರ್ಯಾದೆಗೆ ನಾವು ಉಣ್ಣೋದಿಲ್ಲ," ಎಂದು ಮುನಿಸಿಕೊಂಡರು. ಅವರು ಎದ್ದರೆ ಬೀಗರ ಪಂಕ್ತಿಯೇ ಏಳುತ್ತದೆ. ಹುಡುಗಿಯ ಅಪ್ಪ ಕೈಮುಗಿದು ಓಡಿಬಂದರು.

ಅಡುಗೆಯ ಶೇಷಮ್ಮ ಮುಂದೆ ಬಂದಳು. "ಮಹಡಿಯಿಂದ ಬಿಟ್ಟಿದ್ದರೆ ಮುರೀತಿರಲಿಲ್ಲ ರಾಯರೇ. ಎಲ್ಲಿ, ನಿಮ್ಮ ಶಲ್ಯ ಕೊಡಿ."

ಶಲ್ಯದ ನಾಲ್ಕು ಮೂಲೆಗೂ ಬಾಳೆನಾರು ಕಟ್ಟಿ, ಕೆಳಗೆ ಹೂವಿನ ಬುಟ್ಟಿ ತೂಗಿಸಿ, ಅದರಲ್ಲಿ ಹೊಸ ಹಪ್ಪಳವಿಟ್ಟು ಮಹಡಿಯಿಂದ ಬಿಟ್ಟಳು. ಶಲ್ಯ ಗಾಳಿ ತುಂಬಿಕೊಂಡು ಕೊಡೆಯಂತೆ ಅರಳಿತು. ದಢಕ್ಕನೆ ಬೀಳಬೇಕಾದ ಬುಟ್ಟಿಯನ್ನು ಗಾಳಿ ತಡೆತಡೆದು ಇಳಿಸಿತು. ಹಪ್ಪಳ ಇಡಿಯಾಗಿಯೇ ಇತ್ತು.

ಅಶ್ವತ್ಥಯ್ಯ ಹುಬ್ಬು ಗಂಟಿಕ್ಕಲು ನೋಡಿದರು, ಆಗಲಿಲ್ಲ. ನಗುತ್ತಲೇ ಹಪ್ಪಳವನ್ನು ಪಟ್ಟನೆ ಮುರಿದು ಬಾಯಿಗಿಟ್ಟರು.

ಮಹಡಿಯಿಂದ ಶೇಷಮ್ಮ ಕೂಗಿದಳು: "ಎಲ್ಲರೂ ನೋಡಿದಿರಲ್ಲ, ಈ ಸಲ ಮುರಿದವರು ರಾಯರೇ."