ಮೊದಲ ಸುತ್ತಿನಿಂದಲೂ ಬಿಗಿ

ಆಶ್ರಮದ ಬಾವಿಯ ಹೂಳೆತ್ತಬೇಕಿತ್ತು. ಕೆಲಸದಾಳು ಮರಿಬಸವನನ್ನು ಬುಟ್ಟಿಯಲ್ಲಿ ಕೂರಿಸಿ ಇಳಿಸುವುದೆಂದು ತೀರ್ಮಾನವಾಗಿತ್ತು.

ಬುಟ್ಟಿ ತೂಗುವುದು ರಾಟೆಯಿಂದ. ರಾಟೆ ನಿಂತಿರುವುದು ಒಂದೇ ಬೋಲ್ಟಿನ ಮೇಲೆ. ಆ ಬೋಲ್ಟಿಗೆ ನಟ್ಟು ಬಿಗಿದವನು ಶಿಷ್ಯ ಚನ್ನಂಜ.

ಮರಿಬಸವ ಕಟ್ಟೆ ಹತ್ತಿ ಬುಟ್ಟಿಯೊಳಗೆ ಒಂದು ಕಾಲು ಇಟ್ಟಿದ್ದ. ಅಷ್ಟರಲ್ಲಿ ಗುರುಗಳು ಬಂದು, ನಟ್ಟು ಸರಿಯಾಗಿ ಕೂತಿದೆಯೇ ಎಂದು ಚನ್ನಂಜನನ್ನು ಕೇಳಿದರು.

"ಒಂದೊಂದು ಸುತ್ತಿಗೂ ತಮ್ಮ ನಾಮ ಹೇಳಿ ಬಿಗಿದಿದ್ದೇನೆ, ಬುದ್ಧಿ."

"ನಟ್ಟಿಗೆ ಕಿವಿ ಇಲ್ಲ. ಕೂತಿದೆಯೋ?"

ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ, ಅದರ ಮೇಲೆ ಮೈಭಾರವನ್ನೆಲ್ಲ ಹಾಕಿದ್ದಾಗಿ ಚನ್ನಂಜ ಹೇಳಿದ. ಇನ್ನು ಆನೆ ಜೋತುಬಿದ್ದರೂ ಅಲುಗದು ಎಂದ.

ತಾನು ಆನೆಗಿಂತ ಸ್ವಲ್ಪ ಹಗುರವೇ ಎಂದು ಮರಿಬಸವ ಗೊಣಗಿದ.

ಗುರುಗಳು ಅವನನ್ನು ಕಟ್ಟೆಯಿಂದ ಕೆಳಗಿಳಿಸಿದರು. ಚನ್ನಂಜನಿಗೆ, ನೀನು ಕೂರು ಎಂದರು.

ಚನ್ನಂಜ ಕೂತ. ಮರಿಬಸವ ಹಗ್ಗ ಹಿಡಿದ. ಕೆಳಗೆ ಕತ್ತಲು. ಬುಟ್ಟಿ ಇನ್ನೂ ಕಟ್ಟೆ ಬಿಟ್ಟಿರಲಿಲ್ಲ. ತಲೆಯ ಮೇಲೆ ಕಬ್ಬಿಣ ಕಿರ್ರೆಂದಿತು.

"ತಡೆಯಿರಿ" ಎಂದ ಚನ್ನಂಜ.

"ಏಕೆ?"

"ಆ ನಟ್ಟು ಮೊದಲ ಸುತ್ತಿನಿಂದಲೂ ಬಿಗಿಯಾಗೇ ಇತ್ತು, ಬುದ್ಧಿ. ಬೆರಳಲ್ಲಿ ತಿರುಗಲೇ ಇಲ್ಲ."

"ಮರಿಬಸವ ಬುಟ್ಟಿಗೆ ಕಾಲಿಟ್ಟಾಗ ಇದು ಗೊತ್ತಿತ್ತೋ?"

ಚನ್ನಂಜ ಬುಟ್ಟಿಯಿಂದ ಕೆಳಗಿಳಿದ. ಮರಿಬಸವ ಹಗ್ಗ ಬಿಟ್ಟು ದೂರ ಸರಿದು ನಿಂತ.

ನಟ್ಟು ಬಿಚ್ಚಿದರು. ಓರೆಯಾಗಿ ಹತ್ತಿಕೊಂಡಿದ್ದ ಅದು ಬೋಲ್ಟಿನ ಥ್ರೆಡ್ಡನ್ನು, ಆ ಸುರುಳಿ ಗೆರೆಯನ್ನು, ಅರ್ಧ ತಿಂದುಹಾಕಿತ್ತು. ಕಬ್ಬಿಣದ ಪುಡಿ ಬಾವಿಯೊಳಗೆ ಉದುರಿತು.

ಗುರುಗಳು ಹೊಸ ಬೋಲ್ಟು, ಹೊಸ ನಟ್ಟು ಕೊಟ್ಟರು. ಚನ್ನಂಜ ನಟ್ಟನ್ನು ಬಲವಾಗಿ ಒತ್ತಿ ತಿರುಗಿಸಹೋದ. ಅವರು ಅವನ ಮಣಿಕಟ್ಟು ಹಿಡಿದುಕೊಂಡರು.

"ಮೊದಲು ಹಿಂದಕ್ಕೆ ತಿರುಗಿಸು."

ತಿರುಗಿಸಿದ. ಒಂದು ಕಡೆ ನಟ್ಟು ಟಕ್ಕೆಂದು ತನ್ನ ಜಾಗಕ್ಕೆ ಬಿತ್ತು. ಅಲ್ಲಿಂದ ಮುಂದಕ್ಕೆ ಬೆರಳ ತುದಿಯಲ್ಲೇ ಕೊನೆಯವರೆಗೂ ಓಡಿತು. ಮಿಕ್ಕದ್ದನ್ನು ಗುರುಗಳು ಕೊಳವೆಯಿಲ್ಲದ ಸ್ಪ್ಯಾನರಿನಿಂದ ಅವನ ಕೈಯಲ್ಲೇ ಹದವಾಗಿ ಬಿಗಿಸಿದರು. ಸಾಕು ಎಂದರು.

ಆಮೇಲೆ ಗುರುಗಳೇ ಬುಟ್ಟಿಯಲ್ಲಿ ಕೂತರು. ಅವರ ಕಾಲು ಬಾವಿಯ ಮೇಲೆ ತೂಗಾಡುತ್ತಿತ್ತು.

ಚನ್ನಂಜನ ಕೈ ಮತ್ತೆ ಕೊಳವೆಯತ್ತ ಹೋಯಿತು. ಇನ್ನೊಂದೇ ಒಂದು ಸುತ್ತು ಬಿಗಿಯಲೇ, ತನಗೆ ಭಯವಾಗುತ್ತಿದೆ ಎಂದ.

"ಬೋಲ್ಟು ತುಂಡಾಗುವುದು ಆ ಸುತ್ತಿನಲ್ಲೇ. ಕೊಳವೆ ಕೆಳಗಿಡು. ಹಗ್ಗ ಹಿಡಿ."