ನಡುವಿನ ಚುಕ್ಕಿ

ಜ್ವರದಲ್ಲಿ ಸತ್ತ ಪುಟ್ಟ ರಾಜಕುಮಾರ ಎರೆಯ, ಅರಮನೆಯ ಮಂತ್ರಗನ್ನಡಿಯೊಳಗೆ ಬೆಳೆಯುತ್ತಿದ್ದಾನೆ ಎಂದು ಆ ನಾಡಿನಲ್ಲಿ ಎಲ್ಲರೂ ನಂಬಿದ್ದರು. ನಂಬದವರು ಬಾಯಿ ಬಿಡುತ್ತಿರಲಿಲ್ಲ.

ಅವನ ಅಕ್ಕ, ರಾಣಿ ಬಾಚಲೆ, ಡಂಗುರ ಹೊಡೆಸಿದಳು: "ಕನ್ನಡಿಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ತಲೆದಂಡ." ಒಗಟು ಬಿಡಿಸಿದರೆ ತಮ್ಮನು ಹೊರಬರುವ ದಾರಿ ಸಿಕ್ಕೀತೆಂದು ಅವಳ ಆಸೆ.

ಕನ್ನಡಿಯ ಎದುರುಗೋಡೆಯಲ್ಲಿ ಎರೆಯನ ಪಟವಿತ್ತು. ಸತ್ತ ಮಗುವಿನ ಪಟಕ್ಕೆ ಬೆನ್ನು ಹಾಕಿ, ಕನ್ನಡಿಯಲ್ಲಷ್ಟೇ ನೋಡಬೇಕು. ಅದು ಅರಮನೆಯ ಕಟ್ಟಳೆ. ಆ ಕನ್ನಡಿಯಲ್ಲೋ ಪಟ ಪಟವಾಗಿ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಚದುರಿದ ಚುಕ್ಕಿಗಳಾಗಿ ಕಾಣುತ್ತಿತ್ತು. ಬಾಚಲೆ ದಿನವೂ ಕಿಟಕಿ ತೆರೆಸಿ ಪಟದ ಮೇಲೆ ಬಿಸಿಲು ಬೀಳಿಸುತ್ತಿದ್ದಳು. ನಡುವಿನ ಚುಕ್ಕಿ ವರ್ಷವರ್ಷವೂ ಹೆಚ್ಚು ಬೆಳಗುತ್ತಿತ್ತು. ಬೆಳೆಯುತ್ತಿರುವ ತಮ್ಮ ಅದೇ ಎಂದು ಅವಳು ನಂಬಿದ್ದಳು.

"ನಡುವಿನ ಚುಕ್ಕಿಯ ಮೇಲೂ ಕೆಳಗೂ ಸಾಲಾಗಿ ನಿಂತ ಚುಕ್ಕಿಗಳು ಪಟದಲ್ಲಿ ಏನು?" ಇದು ಬಾಚಲೆ ಕೇಳಿದ ಮೊದಲ ಒಗಟು.

ಮಾಂಡಲಿಕನ ಮಗ "ಕಂಬ" ಎಂದ. ಸೇನಾಪತಿಯ ಅಳಿಯ "ಈಟಿ" ಎಂದ. ಪಟದಲ್ಲಿ ಎರಡೂ ಇರಲಿಲ್ಲ. ಪಟ ಬರೆಸುವಾಗ ಬಾಚಲೆ ತಮ್ಮನ ಪಕ್ಕದಲ್ಲೇ ಕೂತಿದ್ದಳು. ಎರಡು ತಲೆ ಉರುಳಿದವು.

ಆಮೇಲೆ ಜರಡಿ ಹೆಣೆಯುವ ಮಾಳಿಂಗ ಬಂದ.

"ಅಡ್ಡಪಟ್ಟೆ, ತಾಯಿ. ಅಡ್ಡ ಮಲಗಿದ್ದು ಇದರಲ್ಲಿ ನಿಂತು ಕಾಣುತ್ತದೆ."

ತಮ್ಮನ ಅಡ್ಡಪಟ್ಟೆಯ ಅಂಗಿ ಹೊಲಿದವಳು ಬಾಚಲೆಯೇ.

"ನಿನಗೆ ಹೇಗೆ ಗೊತ್ತು?"

"ಕನ್ನಡಿ ಮಾಡಿದ ಅಜ್ಜ ನಮ್ಮ ಓಣಿಯವನು. ನಮ್ಮಪ್ಪನ ಜರಡಿಯನ್ನು ಅದರ ಮುಂದೆ ಹಿಡಿದೇ ಪರೀಕ್ಷೆ ಮಾಡುತ್ತಿದ್ದ. ಎಳೆ ಒತ್ತೊತ್ತಾದಷ್ಟೂ ಚುಕ್ಕಿ ನಡುವಿನಿಂದ ದೂರ."

"ಎರಡನೆಯದು. ದೂರದ ಅಂಚಿನಲ್ಲಿದ್ದ ಮಂಕು ಚುಕ್ಕಿಗಳು ಒಂದೊಂದಾಗಿ ಆರಿಹೋದವು. ಯಾತರವು ಅವು?"

"ಸಣ್ಣ ಗೆರೆಗಳವು. ರೆಪ್ಪೆ, ಹುಬ್ಬು, ತುಟಿಯ ಗೆರೆ."

"ಮೂರನೆಯದು. ನಡುವೆ ಬೆಳಗುತ್ತಿರುವವನು ಯಾರು?"

ಮಾಳಿಂಗ ತಲೆ ತಗ್ಗಿಸಿದ. "ಅದೊಂದು ಬಿಟ್ಟುಬಿಡಿ ತಾಯಿ. ರಾಜ್ಯ ಬೇಡ ನನಗೆ."

"ತಲೆಯೂ ಬೇಡವೇನೋ?"

"ಯಾರೂ ಅಲ್ಲ ಅದು. ಪಟದ ಒಟ್ಟು ಬೆಳಕು. ಬರಿಯ ಸುಣ್ಣದ ಗೋಡೆ ತೋರಿಸಿದರೂ ಅದೊಂದು ಉರಿಯುತ್ತದೆ. ಬಿಸಿಲಿಗೆ ಪಟ ಬಿಳಿಚಿದಷ್ಟೂ ಜಾಸ್ತಿ ಉರಿಯುತ್ತದೆ. ಆ ಕಿಟಕಿ ಮುಚ್ಚಿಸಬೇಕಿತ್ತು, ತಾಯಿ."

ತಲೆ ಕಡಿಯಲು ನಿಂತಿದ್ದ ತಳವಾರ ಕತ್ತಿ ಎತ್ತಿದ. ಬಾಚಲೆ ಬೇಡವೆಂದು ಕೈ ಮಾಡಿದಳು. "ಇವನಿಗೆ ಅರ್ಧ ರಾಜ್ಯ ಕೊಡಿ," ಎಂದಳು, ಉಳಿದರ್ಧವೂ ತನಗೆ ಬೇಡವೆಂಬಂತೆ. ಆಮೇಲೆ ಕಟ್ಟಳೆ ಮುರಿದು, ತಿರುಗಿ, ಪಟ ನೋಡಿದಳು.

ಅಂಗಿಯ ಪಟ್ಟೆ ಉಳಿದಿತ್ತು. ಮುಖವಿರಲಿಲ್ಲ.